ಭಯದ ಸುದ್ದಿಯೂ ಹಿತದ ಮಾತೂ

ವೃತ್ತಪತ್ರಿಕೆಯು ಮನೆಗೆ ಬಂದೊಡನೆ ನಮ್ಮ ಕಣ್ಣು ಮೊದಲು ಬೀಳುವುದು ಯಾವುದರ ಮೇಲೆ? ಈ ಪ್ರಶ್ನೆಯನ್ನು ವಾಚಕರು ತಮ್ಮನ್ನು ತಾವೇ ಕೇಳಿಕೊಂಡರೆ ಬಹುಮಟ್ಟಿಗೆ ಒಂದೇ ಉತ್ತರವು ಬರುವುದು. ಕೊಲೆ, ದರೋಡೆ, ಪ್ರವಾಹ, ಹೊಸ ರೋಗ, ಅಪಘಾತ: ಇವುಗಳ ದಪ್ಪಕ್ಷರದ ತಲೆಬರಹಗಳು ನಮ್ಮನ್ನು ಕೈಹಿಡಿದು ಎಳೆಯುವುವು. ಅದೇ ಪತ್ರಿಕೆಯ ಒಂದು ಮೂಲೆಯಲ್ಲಿ ಭದ್ರಾ ಜಲಾಶಯದ ನೀರಿನ ಮಟ್ಟವು ಅಚ್ಚಾಗಿರುತ್ತದೆ. ಪೂರ್ಣಮಟ್ಟ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ದಾವಣಗೆರೆಯ ಸುತ್ತಣ ನಾಲೆಯ ಕೆಳಗೆ ಭತ್ತ ಬೆಳೆಯುವ ಸಂಸಾರಗಳ ವರ್ಷದ ಅನ್ನವು ಈ ನಾಲ್ಕು ಅಂಕೆಗಳನ್ನು ನೆಚ್ಚಿಕೊಂಡಿದೆ. ಆದರೂ ಗದ್ದೆಯುಳ್ಳ ರೈತನ ಹೊರತು ಅದನ್ನು ಓದುವವರು ವಿರಳ. ದೂರದ ಯಾವುದೋ ಊರಿನಲ್ಲಿ ನಡೆದ ಕೊಲೆಯನ್ನು ಮಾತ್ರ ಮನೆಮಂದಿಯೆಲ್ಲರೂ ಓದುವರು.

ಇದನ್ನು ಕಂಡು ಜನರ ಅಭಿರುಚಿಯೇ ಕೆಟ್ಟುಹೋಯಿತೆಂದು ಹಳಿಯುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ನಮ್ಮ ಹಿರಿಯರು ವೇದಾಂತವನ್ನು ಬೋಧಿಸುವುದಕ್ಕಾಗಿ ಬಳಸಿದರು. ಅದನ್ನೇ ಲೋಕವ್ಯವಹಾರದ ದೃಷ್ಟಿಯಿಂದ ವಿಚಾರಮಾಡೋಣ. ಹಗ್ಗವನ್ನು ಹಾವೆಂದು ತಿಳಿದು ಹಿಂದಕ್ಕೆ ಹಾರಿದವನಿಗೆ ಆಗುವ ನಷ್ಟವು ಒಂದು ಕ್ಷಣದ ಎದೆಬಡಿತವಷ್ಟೆ. ಹಾವನ್ನು ಹಗ್ಗವೆಂದು ತಿಳಿದು ಕೈಯಿಟ್ಟವನಿಗೆ ಪ್ರಾಣವೇ ನಷ್ಟ. ಸಾವಿರಾರು ತಲೆಮಾರುಗಳ ಕಾಲ ಕಾಡುಮೇಡುಗಳಲ್ಲಿ ಬಾಳಿದ ಮನುಷ್ಯರಲ್ಲಿ ಬೇಗ ಬೆದರಿದವರೇ ಹೆಚ್ಚಾಗಿ ಉಳಿದು ಸಂತಾನವನ್ನು ಬೆಳೆಸಿರಬೇಕು. ನಾವು ಅವರ ವಂಶದವರು. ಆದುದರಿಂದ ಕೆಡುಕಿನ ಕಡೆಗೆ ಮೊದಲು ತಿರುಗುವುದು ಮನಸ್ಸಿಗೆ ಹುಟ್ಟಿನಿಂದಲೇ ಬಂದ ಕಾವಲುಗಾರಿಕೆಯೇ ಹೊರತು ದುಷ್ಟತನವಲ್ಲ.

ಆಧುನಿಕ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 17 ದೇಶಗಳ ಸಾವಿರಕ್ಕೂ ಮಿಕ್ಕ ಜನರಿಗೆ ಸುದ್ದಿಯ ಚಿತ್ರಗಳನ್ನು ತೋರಿಸಿ, ಅವರ ಎದೆಬಡಿತ ಮತ್ತು ಚರ್ಮದ ಬೆವರುಗಳನ್ನು ಯಂತ್ರಗಳಿಂದ ಅಳೆದರು. ಒಟ್ಟಿನಲ್ಲಿ ಕೆಟ್ಟ ಸುದ್ದಿಗೆ ದೇಹವು ಹೆಚ್ಚು ಎಚ್ಚೆತ್ತಿತು. ಆದರೆ ವ್ಯಕ್ತಿ ವ್ಯಕ್ತಿಗೂ ಬಹಳ ವ್ಯತ್ಯಾಸವಿದ್ದಿತು. 2023ರಲ್ಲಿ ಇನ್ನೊಂದು ಸಂಶೋಧನೆಯು ಅಮೆರಿಕದ ಅಪ್‌ವರ್ದಿ ಎಂಬ ಸುದ್ದಿಸಂಸ್ಥೆಯ ಒಂದು ಲಕ್ಷಕ್ಕೂ ಹೆಚ್ಚು ತಲೆಬರಹಗಳನ್ನು ಪರಿಶೀಲಿಸಿತು. ಸಾಧಾರಣ ಉದ್ದದ ತಲೆಬರಹದಲ್ಲಿ ಕೆಡುಕನ್ನು ಸೂಚಿಸುವ ಒಂದೊಂದು ಪದವು ಹೆಚ್ಚಿದಂತೆಲ್ಲ ಅದನ್ನು ತೆರೆದು ನೋಡುವವರ ಪ್ರಮಾಣವು ಶೇಕಡಾ 2.3ರಂತೆ ಏರಿತೆಂದೂ, ಒಳಿತನ್ನು ಸೂಚಿಸುವ ಪದಗಳು ಹೆಚ್ಚಿದಾಗ ಇಳಿಯಿತೆಂದೂ ಅದರಿಂದ ತಿಳಿದುಬಂದಿತು. ರಷ್ಯಾ ದೇಶದ ರೋಸ್ತೋವ್ ನಗರದ ಸುದ್ದಿಸಂಸ್ಥೆಯೊಂದು 2014ನೆಯ ಡಿಸೆಂಬರ್ 1ರಂದು ಶುಭಸಮಾಚಾರಗಳನ್ನೇ ಪ್ರಕಟಿಸಿ ನೋಡಿತು. ಆ ದಿನ ಅದರ ಓದುಗರಲ್ಲಿ ಮೂರನೆಯ ಎರಡು ಪಾಲು ಇಲ್ಲವಾಯಿತು! ಮರುದಿನವೇ ಅವರು ಹಳೆಯ ದಾರಿಗೆ ಮರಳಿದರು. ಪತ್ರಿಕೆಯವರನ್ನು ಮಾತ್ರ ದೂರಿ ಫಲವಿಲ್ಲ. ಗಿರಾಕಿ ಕೇಳಿದ ಸರಕನ್ನು ಅಂಗಡಿಯವನು ಮುಂದಿಡುತ್ತಾನೆ.

ಇದಕ್ಕೆ ಮತ್ತೊಂದು ಕಾರಣವೂ ಉಂಟು. ಭಯದ ಸುದ್ದಿಯು ನಮ್ಮಿಂದ ಏನನ್ನೂ ಕೇಳುವುದಿಲ್ಲ, ಬೆದರಿದರೆ ಸಾಕು. ಹಿತದ ಮಾತಾದರೋ ಕೆಲಸವನ್ನು ಹೊರಿಸುತ್ತದೆ: ಇದನ್ನು ತೊಳೆಯಿರಿ, ಅದನ್ನು ಕಾಯಿಸಿರಿ, ಇಂಥ ದಿನದೊಳಗೆ ಅರ್ಜಿಯನ್ನು ಕೊಡಿರಿ. ಅಲ್ಲದೆ ಭಯದ ಸುದ್ದಿಯನ್ನು ಮೊದಲು ತಂದವನಿಗೆ ನೆರೆಹೊರೆಯಲ್ಲಿ ಒಂದು ಗೌರವವುಂಟು. ಮಂಡಕ್ಕಿ ಮೆಣಸಿನಕಾಯಿಯ ತಟ್ಟೆಯ ಸುತ್ತ ಕುಳಿತವರೆಲ್ಲರೂ ಅವನ ಕಡೆಗೆ ತಿರುಗುವರು. ನೀರಿನ ತೊಟ್ಟಿಯನ್ನು ತಿಕ್ಕಿರಿ ಎಂದು ಹೇಳಿದವನ ಕಡೆಗೆ ಯಾರೂ ತಿರುಗುವುದಿಲ್ಲ.

ಬೆದರಿಕೆಯು ಎಚ್ಚರಿಕೆಯನ್ನು ಹೇಗೆ ಮರೆಮಾಡುವುದೆಂಬುದಕ್ಕೆ ನಮ್ಮ ಹೊಳೆಯಿಂದಲೇ ಒಂದು ನಿದರ್ಶನವನ್ನು ಕೊಡಬಹುದು. 2024ನೆಯ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ದೇಶವೇ ಆ ಸುದ್ದಿಯನ್ನು ಓದಿತು. ಹರಿಹರೇಶ್ವರನ ಗುಡಿಯ ಊರಿನ ಪಕ್ಕದಲ್ಲಿ ಹರಿಯುವುದೂ ಅದೇ ತುಂಗಭದ್ರೆ. ಆದರೆ ಹರಿಹರವು ಆ ಅಣೆಕಟ್ಟಿಗೆ ಬಹುದೂರ ಮೇಲ್ಗಡೆ ಇದೆ. ಗೇಟು ಹೋದಾಗ ನೀರು ನುಗ್ಗುವುದು ಕೆಳಗಡೆಯ ಊರುಗಳ ಕಡೆಗೆ. ಹರಿಹರದ ಹೊಳೆದಂಡೆಯವರು ಗಮನಿಸಬೇಕಾದುದು ಬೇರೆ: ಗಾಜನೂರಿನ ತುಂಗಾ ಅಣೆಕಟ್ಟಿನಿಂದಲೂ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದಲೂ ಹೊರಬಿಟ್ಟ ನೀರು ಎಷ್ಟೆಂಬ ಲೆಕ್ಕ. ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗುವ ಅಂಕೆ ಅದೇ.

ಬರಿಯ ಭಯವು ಪ್ರಾಣವನ್ನೂ ತೆಗೆಯಬಲ್ಲದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶವು ವಾಟ್ಸಾಪಿನ ಮೂಲಕ ನಾಡೆಲ್ಲ ಹರಡಿತು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ತರುಣನನ್ನು ಜನರು ಹೊಡೆದು ಕೊಂದರು. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯ ಬಳಿ ಹೈದರಾಬಾದಿನ ಇಂಜಿನಿಯರೊಬ್ಬನು ಹಾಗೆಯೇ ಸತ್ತನು. ಅವನ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂಶಯಕ್ಕೆ ಕಾರಣವಾಯಿತು. ಅದೇ ತಿಂಗಳು ಆ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಕಟ್ಟುಮಾಡಿತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಗೆ ಇದಕ್ಕಿಂತ ಕ್ರೂರವಾದ ಸಾಕ್ಷ್ಯ ಬೇಕಾಗಿಲ್ಲ. ಆ ಸಂದೇಶಗಳನ್ನು ಕಳುಹಿಸಿದವರಲ್ಲಿ ಅನೇಕರು ತಮ್ಮ ಮಕ್ಕಳ ಮೇಲಿನ ಮಮತೆಯಿಂದಲೇ ಕಳುಹಿಸಿದ ತಾಯಿತಂದೆಗಳಾಗಿರಬೇಕೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಇನ್ನು ಪ್ರತಿ ಮನೆಗೂ ಸಂಬಂಧಿಸಿದ ವಿಷಯಕ್ಕೆ ಬರೋಣ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗಿ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಈ ತಲೆಬರಹವನ್ನು ಎಲ್ಲರೂ ಓದಿದರು. ಅದರ ಕೆಳಗಿನ ಸಾಲುಗಳನ್ನು ಎಷ್ಟು ಮಂದಿ ಓದಿದರೋ! ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದು. ಮನೆಯಲ್ಲಿ ನಿಂತ ತಿಳಿನೀರಿನಲ್ಲಿಯೇ ಬೆಳೆಯುವುದು. ಮೊಟ್ಟೆಯು ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರು ಆರಿದರೂ ತಿಂಗಳುಗಟ್ಟಲೆ ಸಾಯದೆ ಇರುತ್ತವೆ. ಆದಕಾರಣ ನಲ್ಲಿಯ ನೀರು ದಿನವೂ ಬಾರದ ಮನೆಗಳಲ್ಲಿ ತುಂಬಿಡುವ ಡ್ರಮ್ಮು, ತೊಟ್ಟಿ, ಹಂಡೆಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ತಿಕ್ಕಿ ತೊಳೆಯಬೇಕು; ಮುಚ್ಚಳವನ್ನು ಬಿಗಿಯಾಗಿ ಮುಚ್ಚಬೇಕು. ನೀರನ್ನು ಚೆಲ್ಲಿದರೆ ಮಾತ್ರ ಸಾಲದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಡೆಂಗಿಯಲ್ಲಿ ಅಪಾಯವು ಬರುವುದು ಬಹುತೇಕ ಜ್ವರವು ಇಳಿಯುವ ಹೊತ್ತಿನಲ್ಲಿ, ಅಂದರೆ ಮೂರರಿಂದ ಏಳನೆಯ ದಿನದೊಳಗೆ. ಮೈ ಸುಡುವಾಗ ಮನೆಯವರೆಲ್ಲರೂ ಕಂಗಾಲಾಗಿರುವರು. ಮೈ ತಣ್ಣಗಾದೊಡನೆ ನೆಮ್ಮದಿಯಿಂದ ಮಲಗುವರು. ಎಚ್ಚರವಿರಬೇಕಾದ ಸಮಯ ಅದೇ! ಆಗ ತೀವ್ರವಾದ ಹೊಟ್ಟೆನೋವು, ಮೇಲಿಂದಮೇಲೆ ವಾಂತಿ, ಒಸಡು ಮೂಗುಗಳಲ್ಲಿ ರಕ್ತ, ವಿಪರೀತ ನಿಶ್ಶಕ್ತಿ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಕೂಡದು. ಈ ನಾಲ್ಕು ಸಾಲುಗಳಲ್ಲಿ ಬೆದರಿಸುವಂಥದು ಏನೂ ಇಲ್ಲ. ಆದರೆ ಒಂದು ಮಗುವಿನ ಪ್ರಾಣವು ಇವುಗಳಲ್ಲಿ ಇರಬಹುದು.

ಹಾಗಾದರೆ ಮಾಡತಕ್ಕದ್ದೇನು? ಭಯವನ್ನು ಬಿಡಿರೆಂದು ನಾವು ಹೇಳಲಾರೆವು. ಅದು ಆಗದ ಮಾತು. ಭಯವು ಬಾಗಿಲು ತಟ್ಟುವ ಕಾವಲುಗಾರನು. ಅವನ ಕೂಗಿಗೆ ಎದ್ದು ಕೂರಬೇಕು. ಆದರೆ ಮನೆಯ ಯಜಮಾನಿಕೆಯನ್ನು ಅವನಿಗೆ ಬಿಟ್ಟುಕೊಡಬಾರದು. ಭಯದ ಸುದ್ದಿಯೊಂದನ್ನು ಓದಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವನ್ನು ಗೃಹಸ್ಥರು ಬೆಳೆಸಿಕೊಳ್ಳಲಿ. ಇದನ್ನು ಹೇಳಿದವರು ಯಾರು? ಇದು ನಡೆದುದು ಎಲ್ಲಿ, ಯಾವಾಗ? ಇದರಿಂದ ಇಂದು ನಮ್ಮ ಮನೆಯಲ್ಲಿ ಮಾಡಬೇಕಾದ ಕೆಲಸವೇನಾದರೂ ಉಂಟೆ? ಮೊದಲೆರಡಕ್ಕೆ ಉತ್ತರವು ದೊರೆಯದಿದ್ದರೆ ಆ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸದಿರುವುದೇ ಪುಣ್ಯ. ಮೂರನೆಯದಕ್ಕೆ ಉತ್ತರವು ದೊರೆತರೆ ಅದನ್ನು ಆ ದಿನವೇ ಮಾಡಿಬಿಡುವುದು ವಿವೇಕ.

ಸಂಜೆ ಮನೆಮಂದಿಯೆಲ್ಲರೂ ಕೂಡಿದಾಗ ಓದುಬಲ್ಲ ಮಕ್ಕಳಿಂದ ಪತ್ರಿಕೆಯ ಮೂಲೆಯ ಸಾಲುಗಳನ್ನು ಗಟ್ಟಿಯಾಗಿ ಓದಿಸಿರಿ. ಹೊಳೆಯ ಮಟ್ಟ, ಮಾರುಕಟ್ಟೆಯ ಧಾರಣೆ, ಲಸಿಕೆ ಹಾಕುವ ದಿನ, ಇವು ಕಿವಿಗೆ ಬಿದ್ದು ಬಿದ್ದು ರೂಢಿಯಾಗಲಿ. ದಪ್ಪಕ್ಷರದ ಸುದ್ದಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಣ್ಣಕ್ಷರದ ಹಿತವನ್ನು ಓದುವುದಕ್ಕೆ ಮಾತ್ರ ಅಭ್ಯಾಸ ಬೇಕು.