ಬೆಟ್ಟ ಏರಿದಂತೆ ಬದಲಾಗುವ ಕಾಡು

ನಾವಿರುವ ಹೈದರಾಬಾದು ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಮೇಲಿರುವ ಊರು. ವರ್ಷದ ಮಳೆ ಸುಮಾರು 80 ಸೆಂಟಿಮೀಟರು. ಬಂಡೆಗಳ ಸಂದಿಯಲ್ಲಿ ಬೆಳೆಯುವ ಜಾಲಿ, ಬೇವು, ಸೀತಾಫಲಗಳು ಇಲ್ಲಿನ ಬಿಸಿಲಿಗೆ ಒಗ್ಗಿಹೋಗಿವೆ. ಇವನ್ನು ದಿನವೂ ಕಾಣುವ ನಮಗೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಬುಡವೇನೂ ಹೊಸದೆನಿಸದು. ಅಲ್ಲಿಯೂ ಎತ್ತರ ಸುಮಾರು 600 ಮೀಟರು. ಅಲ್ಲಿಯೂ ಮುಳ್ಳಿನ ಕುರುಚಲು ಕಾಡೇ. ಆದರೆ ಆ ಬುಡದಿಂದ 1,800 ಮೀಟರಿನ ಶಿಖರದವರೆಗೆ ಹೋದರೆ, ಒಂದೇ ದಿನದಲ್ಲಿ ಹಲವು ನಾಡುಗಳನ್ನು ಸುತ್ತಿ ಬಂದಂತಾಗುತ್ತದೆ.

ಕಾರಣ ಸರಳವಾದದ್ದು. ಗಾಳಿ ಮೇಲೇರಿದಂತೆ ಹಿಗ್ಗುತ್ತದೆ; ಹಿಗ್ಗಿದಂತೆ ತಣ್ಣಗಾಗುತ್ತದೆ. ಸಾವಿರ ಮೀಟರು ಏರಿದರೆ ಶಾಖವು ಸುಮಾರು 6 ಡಿಗ್ರಿ ಇಳಿಯುವುದುಂಟು. ತಣ್ಣಗಾದ ಗಾಳಿ ತನ್ನಲ್ಲಿರುವ ನೀರಿನ ಆವಿಯನ್ನು ಹಿಡಿದಿಡಲಾರದು. ಅದು ಮೋಡವಾಗಿ, ಮಳೆಯಾಗಿ ಇಳಿಯುತ್ತದೆ. ಆದ್ದರಿಂದಲೇ ಈ ಬೆಟ್ಟದ ಬುಡದಲ್ಲಿ ಸುಮಾರು 60 ಸೆಂಟಿಮೀಟರು ಮಳೆಯಾದರೆ, ನೆತ್ತಿಯ ಕಡೆ 300 ಸೆಂಟಿಮೀಟರಿನವರೆಗೂ ಆಗುತ್ತದೆ.

ಮಳೆ ಮತ್ತು ಶಾಖಗಳಿಗೆ ತಕ್ಕಂತೆ ಮರಗಳ ಬಾಳುವೆಯೂ ಬೇರೆ. ಕುರುಚಲನ್ನು ದಾಟಿದೊಡನೆ ಮತ್ತಿ, ಹೊನ್ನೆ, ದಿಂಡಿಗ, ನೆಲ್ಲಿಗಳ ಕಾಡು ಸಿಗುತ್ತದೆ. ಬೇಸಿಗೆಯಲ್ಲಿ ಎಲೆಯುದುರಿಸಿ ನಿಲ್ಲುವುದು ಈ ಮರಗಳ ಜಾಣತನ. ಎಲೆಯಿಲ್ಲದಿದ್ದರೆ ನೀರಿನ ಖರ್ಚೂ ಇಲ್ಲ. ಇನ್ನೂ ಮೇಲೆ, ತೇವ ಆರದ ಕಣಿವೆಗಳಲ್ಲಿ ವರ್ಷವೆಲ್ಲ ಹಸಿರಾಗಿರುವ ಮರಗಳು. ಸೋಲಿಗರು ದೇವರೆಂದು ಪೂಜಿಸುವ ದೊಡ್ಡ ಸಂಪಿಗೆ ನಿಂತಿರುವುದು ಇಂಥ ಒಂದು ಹೊಳೆಯ ದಡದಲ್ಲಿಯೇ. ಶಿಖರದ ಬಳಿ ನೋಟವೇ ಬೇರೆ. ಗಾಳಿ ಬಡಿಯುವ, ಮಣ್ಣು ತೆಳುವಾದ ಬೆನ್ನಿನ ಮೇಲೆ ಹುಲ್ಲು. ಮಡಿಕೆಗಳ ಮರೆಯಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು. ಮಳೆ ಹೇರಳವಾಗಿದ್ದ ಮಾತ್ರಕ್ಕೆ ಹೆಮ್ಮರ ಬೆಳೆಯಬೇಕೆಂದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಜರ್ಮನಿಯ ಹಂಬೋಲ್ಟ್ 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತವನ್ನೇರುತ್ತ ಕಂಡದ್ದೂ ಇದನ್ನೇ. ಯಾವ ಎತ್ತರದಲ್ಲಿ ಯಾವ ಗಿಡ ಎಂಬುದನ್ನು ಆತ ಒಂದೇ ಚಿತ್ರದಲ್ಲಿ ಬರೆದು ತೋರಿಸಿದ.

ಹೀಗೆ ಒಂದೊಂದು ಗಿಡಕ್ಕೂ ಒಂದೊಂದು ಮೆಟ್ಟಿಲು. ಈಗ ಭೂಮಿಯ ಶಾಖ ಏರುತ್ತಿದೆ. ಒಂದು ಡಿಗ್ರಿ ಏರಿತೆಂದರೆ, ಹಿಂದಿನ ತಂಪನ್ನೇ ಪಡೆಯಲು ಗಿಡದ ಸಂತತಿ ಸುಮಾರು 160 ಮೀಟರು ಮೇಲೆ ಹೋಗಬೇಕು. ಬೀಜ ಹಕ್ಕಿಯ ಹೊಟ್ಟೆಯಲ್ಲಿಯೋ ಗಾಳಿಯಲ್ಲಿಯೋ ಹೋಗಿ, ಮೊಳೆತು, ಮರವಾಗಿ ಮತ್ತೆ ಬೀಜ ಬಿಡಬೇಕು. ಅದು ತಲೆಮಾರುಗಳ ಪ್ರಯಾಣ. ದಾರಿಯಲ್ಲಿ ಲಂಟಾನ ಪೊದೆ ನೆಲವನ್ನೆಲ್ಲ ಮುಚ್ಚಿದ್ದರೆ ಸಸಿಗೆ ಬೆಳಕೂ ದೊರಕದು. ಅಂದಕ್ಕೆಂದು ಹೊರದೇಶದಿಂದ ತಂದ ಆ ಗಿಡ ಈ ಬೆಟ್ಟಗಳನ್ನು ಬಹುವಾಗಿ ಆಕ್ರಮಿಸಿದೆ. ಇನ್ನು ನೆತ್ತಿಯಲ್ಲಿರುವ ಶೋಲಾ ಮರಗಳ ಗತಿಯೇನು? ಶಾಖ ಏರಬಹುದು, ಶಿಖರ ಏರದು. ಅವಕ್ಕೆ ಮುಂದಿನ ಮೆಟ್ಟಿಲೇ ಇಲ್ಲ.

ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ರಕ್ಷಿತಾರಣ್ಯವಾಗಿದೆ. ಹುಲಿಯನ್ನು ಕಾಯುವುದೆಂದರೆ ಬುಡದ ಜಾಲಿಯಿಂದ ನೆತ್ತಿಯ ಹುಲ್ಲಿನವರೆಗೆ ಇಡೀ ಏಣಿಯನ್ನು ಕಾಯುವುದು. ರಜೆಯಲ್ಲಿ ಊರ ಕಡೆ ಹೋದಾಗ ರಂಗನಾಥನ ದರ್ಶನದ ಜೊತೆಗೆ ಮಕ್ಕಳಿಗೆ ದಾರಿಯ ಮರಗಳನ್ನೂ ತೋರಿಸೋಣ. ಎಲ್ಲಿ ಜಾಲಿ ಮುಗಿಯಿತು, ಎಲ್ಲಿ ಮೈಗೆ ತಂಪು ತಗುಲಿತು ಎಂದು ಅವರೇ ಗುರುತಿಸಲಿ.