ಕಾಲಾಘೋಡಾದ ವಾಟ್ಸನ್ ಹೋಟೆಲ್

ಫೋರ್ಟ್ ಪರಿಸರದಲ್ಲಿ ಹೋಟೆಲ್ ನಡೆಸುವ ನಮ್ಮ ಸದಸ್ಯರಲ್ಲಿ ಕಾಲಾಘೋಡಾದ ಎಸ್ಪ್ಲನೇಡ್ ಮ್ಯಾನ್ಶನ್ ನೋಡದವರು ಇರಲಿಕ್ಕಿಲ್ಲ. ಅದು ಒಂದು ಕಾಲದಲ್ಲಿ ಮುಂಬಯಿಯ ಹೆಸರಾಂತ ಹೋಟೆಲ್ ಆಗಿತ್ತೆಂಬುದು ಎಷ್ಟು ಮಂದಿಗೆ ಗೊತ್ತು?

ಕಟ್ಟಿಸಿದವನು ಜಾನ್ ವಾಟ್ಸನ್ ಎಂಬ ಇಂಗ್ಲಿಷ್ ಬಟ್ಟೆ ವ್ಯಾಪಾರಿ. ನಕ್ಷೆ ಆರ್ಡಿಶ್ ಎಂಬ ಎಂಜಿನಿಯರನದು. ಕಂಬ, ತೊಲೆಗಳನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು, 1867ರಿಂದ 1869ರೊಳಗೆ ಇಲ್ಲಿ ಜೋಡಿಸಿದರು. ಇಡೀ ಕಟ್ಟಡದ ಭಾರ ಕಬ್ಬಿಣದ ಚೌಕಟ್ಟಿನ ಮೇಲೆಯೇ. 1871ರ ಹೊತ್ತಿಗೆ ಹೋಟೆಲ್ ಶುರುವಾಯಿತು. 1896ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಇಲ್ಲಿ ತಂಗಿದ್ದ. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸಹೋದರರ ಚಿತ್ರಗಳನ್ನು ಇಲ್ಲೇ ತೋರಿಸಿದರು. ಭಾರತದ ಮೊದಲ ಸಿನಿಮಾ ಪ್ರದರ್ಶನ ನಡೆದದ್ದು ಒಂದು ಹೋಟೆಲಿನಲ್ಲಿ! ಜೆಮ್‌ಶೆಟ್‌ಜಿ ಟಾಟಾರನ್ನು ಇಲ್ಲಿ ಒಳಗೆ ಬಿಡದ್ದರಿಂದಲೇ ಅವರು ತಾಜ್ ಕಟ್ಟಿಸಿದರೆಂಬ ಮಾತನ್ನು ಹಲವು ಇತಿಹಾಸಕಾರರು ಒಪ್ಪುವುದಿಲ್ಲ. 1903ರಲ್ಲಿ ತಾಜ್ ತೆರೆದ ಮೇಲೆ ವಾಟ್ಸನ್ನಿನ ವೈಭವ ಇಳಿದದ್ದಂತೂ ನಿಜ.

ಮುಂದೆ ಹೋಟೆಲ್ ಮುಚ್ಚಿತು. ಕೋಣೆಗಳನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟರು. ಕೋರ್ಟು ಸಮೀಪವಾದ್ದರಿಂದ ವಕೀಲರ ಕಚೇರಿಗಳು ತುಂಬಿದವು. ಅಸಲು ಕಥೆ ಇಲ್ಲಿಂದ ಶುರು. 1947ರ ಬಾಡಿಗೆ ಕಾನೂನು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಂದ ಬಾಡಿಗೆಯಲ್ಲಿ ಬಣ್ಣ ಹೊಡೆಸುವುದೂ ಕಷ್ಟ, ಇನ್ನು ಕಬ್ಬಿಣದ ತುಕ್ಕು ತೆಗೆಸುವುದೆಲ್ಲಿ? ಮಾಲೀಕರು ಬಾಡಿಗೆದಾರರತ್ತ, ಬಾಡಿಗೆದಾರರು ಮಾಲೀಕರತ್ತ ಬೆರಳು ತೋರಿಸಿದರು. ಪಗಡಿ ಜಾಗದಲ್ಲಿ ಹೋಟೆಲ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡಕ್ಕೆ ಹೆರಿಟೇಜ್ ಪಟ್ಟಿಯಲ್ಲಿ 2ಎ ದರ್ಜೆ ಸಿಕ್ಕಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ರಿಪೇರಿಗೆ ದುಡ್ಡು ಬರುವುದಿಲ್ಲವಲ್ಲ!

2005ರ ಜುಲೈಯಲ್ಲಿ ಒಂದು ಭಾಗ ಕುಸಿದು ಒಬ್ಬರು ಸತ್ತರು. 2019ರಲ್ಲಿ ಹೈಕೋರ್ಟ್ ಆದೇಶದಂತೆ ಕಟ್ಟಡವನ್ನು ಖಾಲಿ ಮಾಡಿಸಿದರು. ತಲೆಮಾರುಗಳಿಂದ ಅಲ್ಲಿದ್ದ ವ್ಯಾಪಾರಿಗಳು ಕೆಲವೇ ದಿನಗಳಲ್ಲಿ ಸಾಮಾನು ಕಟ್ಟಬೇಕಾಯಿತು. ಕೆಡವುದೇ ಸರಿ ಎಂದು ಐಐಟಿ ತಜ್ಞರ ವರದಿ ಬಂತು, ಉಳಿಸಬಹುದೆಂದು ಹೆರಿಟೇಜ್ ತಜ್ಞರು ವಾದಿಸಿದರು.

ನಮ್ಮಲ್ಲೂ ಅನೇಕರ ಹೋಟೆಲುಗಳು ಕಬ್ಬಿಣದ ತೊಲೆಯ ಹಳೇ ಕಟ್ಟಡಗಳ ಕೆಳಮಾಳಿಗೆಯಲ್ಲಿವೆ. ಅಡುಗೆಮನೆಯ ಹಬೆ, ಪಾತ್ರೆ ತೊಳೆಯುವ ಮೋರಿಯ ನೀರು ಆ ಕಬ್ಬಿಣಕ್ಕೆ ದೊಡ್ಡ ಶತ್ರು. ಮೋರಿಯ ಪಕ್ಕದ ಕಂಬವನ್ನು ಟೈಲ್ಸ್ ಹಾಕಿ ಮುಚ್ಚಿದರೆ ತುಕ್ಕು ಕಣ್ಣಿಗೆ ಬೀಳುವುದೇ ಇಲ್ಲ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದು ಮುಂಬಯಿ ಪಾಲಿಕೆಯ ನಿಯಮವಿದೆ. ನಿಮ್ಮ ಕಟ್ಟಡದ್ದು ಆಗಿದ್ದರೆ ವರದಿಯ ಒಂದು ಪ್ರತಿಯನ್ನು ಮಾಲೀಕರಿಂದ ಕೇಳಿ ಪಡೆದು ಲೈಸೆನ್ಸ್ ಫೈಲಿನಲ್ಲೇ ಇಡಿ.