ಚಿತ್ರದ ಕೆಳಗಿನ 12/50, ಎ/ಪಿ: ಇವುಗಳ ಅರ್ಥವೇನು?

ಕೊಲ್ಲಾಪುರ: ಗಡಹಿಂಗ್ಲಜ, ಇಚಲಕರಂಜಿ ಕಡೆಯ ಹಳೇ ಮನೆಗಳ ದೇವರ ಕೋಣೆಯಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಪಟ ಇಂದಿಗೂ ಕಾಣಸಿಗುವುದುಂಟು. ಇಂಥ ಪಟಕ್ಕೆ 'ಲಿಮಿಟೆಡ್ ಎಡಿಷನ್', 'ಆರ್ಟಿಸ್ಟ್ ಪ್ರೂಫ್' ಎಂದು ಹೇಳಿ ಯಾರಾದರೂ ದೊಡ್ಡ ಬೆಲೆ ಕೇಳಿದರೆ ನಂಬಬಹುದೇ? ಕೊಳ್ಳುವವರೂ ಮಾರುವವರೂ ಈ ಎರಡು ಮಾತಿನ ಅರ್ಥ ತಿಳಿದಿರುವುದು ಒಳ್ಳೆಯದು.

ಸೀಮಿತ ಮುದ್ರಣ ಅಂದರೇನು?

ಕಲಾವಿದ ಮರ, ಕಲ್ಲು ಅಥವಾ ಲೋಹದ ತಗಡಿನ ಮೇಲೆ ಚಿತ್ರ ಮೂಡಿಸಿ, ಅದರಿಂದ ಕಾಗದದ ಮೇಲೆ ಅಚ್ಚು ತೆಗೆಯುತ್ತಾನೆ. ಎಷ್ಟು ಪ್ರತಿ ಎಂಬುದನ್ನು ಮೊದಲೇ ಗೊತ್ತುಮಾಡುತ್ತಾನೆ. ಪ್ರತಿಯೊಂದರ ಕೆಳಗೂ ಸಾಮಾನ್ಯವಾಗಿ ಪೆನ್ಸಿಲ್‌ನಲ್ಲಿ ಸಹಿ ಮತ್ತು ಸಂಖ್ಯೆ ಇರುತ್ತದೆ. 12/50 ಎಂದರೆ 50 ಪ್ರತಿಗಳಲ್ಲಿ 12ನೆಯದು. ಮುದ್ರಣ ಮುಗಿದ ಮೇಲೆ ಅಚ್ಚಿಗೆ ಗೀರು ಹಾಕಿ ಕೆಡಿಸುವ ರೂಢಿಯೂ ಇದೆ.

ಆರ್ಟಿಸ್ಟ್ ಪ್ರೂಫ್ ಯಾವುದು?

ಇಚಲಕರಂಜಿಯಲ್ಲಿ ಹೊಸ ಡಿಸೈನ್ ಬಂದಾಗ ಮೊದಲು ಸ್ಯಾಂಪಲ್ ನೇಯ್ದು ನೋಡುತ್ತಾರಲ್ಲ, ಹಾಗೆ ಪರೀಕ್ಷೆಗೆಂದು ತೆಗೆದದ್ದು ಟ್ರಯಲ್ ಪ್ರೂಫ್. ಆರ್ಟಿಸ್ಟ್ ಪ್ರೂಫ್ ಬೇರೆ. ಅದು ಉಳಿದ ಪ್ರತಿಗಳಂತೆಯೇ ಇರುತ್ತದೆ. ಕಲಾವಿದ ತನಗೆಂದು ಇಟ್ಟುಕೊಂಡದ್ದು, ಅಷ್ಟೆ. ಅದರ ಮೇಲೆ 'ಎ/ಪಿ' ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು, ಅಂದರೆ 50 ಪ್ರತಿಗೆ ಸುಮಾರು 5. ಆಗ ಲೋಕದಲ್ಲಿರುವುದು 50 ಅಲ್ಲ, 55. ಆದ್ದರಿಂದ ಎ/ಪಿ ಸೇರಿ ಒಟ್ಟು ಎಷ್ಟು ಎಂದು ಕೇಳಿ. ಎ/ಪಿ ಎಂದ ಮಾತ್ರಕ್ಕೆ ಬೆಲೆ ಹೆಚ್ಚಾಗಲೇಬೇಕೆಂದಿಲ್ಲ.

ರವಿವರ್ಮನ ಪಟದ ಕಥೆ

ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ತೆರೆದ. ಮುಂದೆ ಅದು ಲೋನಾವಳಾ ಹತ್ತಿರದ ಮಳವಲಿಗೆ ಹೋಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನಿಂದ ಅಚ್ಚು ಹಾಕುತ್ತಿದ್ದರು. ಮನೆಮನೆಗೂ ದೇವರ ಪಟ ತಲುಪಲೆಂದೇ ಛಾಪಿಸಿದ ಇವಕ್ಕೆ ಸಂಖ್ಯೆಯ ಮಿತಿ ಇರಲಿಲ್ಲ. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಮುದ್ರಣ ನಡೆಯಿತು. 1972ರಲ್ಲಿ ಛಾಪಖಾನೆ ಬೆಂಕಿಗೆ ಆಹುತಿಯಾಯಿತು. ಪಟದೊಳಗಿನ ಸಹಿಯೂ ಅಚ್ಚಿನದೇ, ಎಲ್ಲ ಪ್ರತಿಗಳಲ್ಲೂ ಒಂದೇ. ಹೀಗಿರುವಾಗ ಅಂಥ ಪಟದ ಮೇಲೆ 12/50, ಎ/ಪಿ ಎಂದು ಬರೆದಿದ್ದರೆ ಅನುಮಾನಪಡಿ.

ಹಾಗೆಂದು ಮನೆಯ ಪಟವನ್ನು ಗುಜರಿಗೆ ಹಾಕಬೇಡಿ. ಅದರ ಬೆಲೆ ಇರುವುದು ಹಳೆಯತನದಲ್ಲಿ, ಕೆಡದೆ ಉಳಿದ ಬಣ್ಣದಲ್ಲಿ, ಅಂಚಿನಲ್ಲಿರುವ ಛಾಪಖಾನೆಯ ಹೆಸರಿನಲ್ಲಿ, ಹಿಂದಿನವರು ಅಂಟಿಸಿದ ಜರಿಯಲ್ಲಿ. ಕಟ್ಟು ಹಾಕಿಸುವಾಗ ಅಂಚು ಕತ್ತರಿಸಲು ಬಿಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ.

ಗುರುತಿಸುವುದು ಹೇಗೆ?

ಭೂತಗನ್ನಡಿ ಹಿಡಿದು ನೋಡಿ. ಸಾಲುಸಾಲಾಗಿ ಒಂದೇ ಅಂತರದಲ್ಲಿ ಚುಕ್ಕೆ ಕಂಡರೆ ಅದು ಈಚಿನ ಆಫ್‌ಸೆಟ್ ನಕಲು. ಕಲ್ಲಚ್ಚಿನಲ್ಲಿ ಚುಕ್ಕೆಗಳು ಅಡ್ಡಾದಿಡ್ಡಿ.

ಕಂಪ್ಯೂಟರ್ ಪ್ರಿಂಟುಗಳನ್ನೂ ಈಗ 'ಲಿಮಿಟೆಡ್' ಎಂದು ಮಾರುತ್ತಾರೆ. ಅಲ್ಲಿ ಕೆಡಿಸಲು ಕಲ್ಲೂ ಇಲ್ಲ, ತಗಡೂ ಇಲ್ಲ. ಇನ್ನೊಂದು ಅಳತೆಯಲ್ಲಿ ಮತ್ತೆ ತೆಗೆಯುವುದು ಸುಲಭ. ಮುದ್ರಣದ ವಿಧಾನ, ಒಟ್ಟು ಪ್ರತಿ, ಎ/ಪಿ ಎಷ್ಟು ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಂಡ ನಂತರವೇ ದುಡ್ಡು ಕೊಡಿ.